ನಾಯಿ ತಪ್ಪು ಮಾಡಿದಾಗ ಟ್ರೈನರ್ ಏನು ಮಾಡುತ್ತಾರೆ?

ನಮ್ಮಲ್ಲಿ ನಾಯಿ ಟ್ರೈನರ್ ಆಗುವುದಕ್ಕೆ ಯಾವ ಲೈಸೆನ್ಸೂ ಬೇಕಿಲ್ಲ. ಮರಿ ಮಾಡಿಸಿ ಮಾರುವ ಬ್ರೀಡರ್‌ಗಳಿಗೆ 2017ರ ನಿಯಮಗಳಿವೆ, ಪೆಟ್ ಶಾಪ್ ಇಟ್ಟವರಿಗೆ 2018ರ ನಿಯಮಗಳಿವೆ. ಎಷ್ಟು ಜನ ಪಾಲಿಸುತ್ತಾರೋ ಗೊತ್ತಿಲ್ಲ, ಕಾಗದದ ಮೇಲಾದರೂ ಇವೆ. ಟ್ರೈನರ್‌ಗಳಿಗೆ ಅದೂ ಇಲ್ಲ. ಒಂದು ವಿಸಿಟಿಂಗ್ ಕಾರ್ಡು, ಒಂದು ಇನ್‌ಸ್ಟಾಗ್ರಾಂ ಪೇಜು, ಎರಡು ಚೈನು ಇಟ್ಟುಕೊಂಡು ಯಾರು ಬೇಕಾದರೂ ನಾಳೆ ಬೆಳಿಗ್ಗೆಯಿಂದಲೇ ಕೆಲಸ ಶುರು ಮಾಡಬಹುದು. ಹಾಗಾಗಿ ಒಳ್ಳೆಯವರು ಯಾರು, ಕೈಗೆ ಸಿಕ್ಕಿದ್ದು ಮಾಡುವವರು ಯಾರು ಎಂದು ಅಳೆದು ನೋಡುವ ಹೊಣೆ ಪೂರ್ತಿ ನಾಯಿ ಸಾಕಿದವರ ಮೇಲೆಯೇ ಬೀಳುತ್ತದೆ.

ಅಳೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ನಾಯಿ ಹೇಳಿದ್ದನ್ನು ಕೇಳಿದಾಗ ಎಲ್ಲ ಟ್ರೈನರ್‌ಗಳೂ ಪ್ರೀತಿಯಿಂದಲೇ ಮೈ ಸವರುತ್ತಾರೆ. ಕೇಳದಿದ್ದಾಗ ಅವರ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು: ಚೈನಿನ ಕಡೆಗೋ, ತಿಂಡಿಯ ಪೌಚಿನ ಕಡೆಗೋ, ಅಥವಾ ಪಾಠವನ್ನೇ ಸ್ವಲ್ಪ ಸುಲಭ ಮಾಡುವ ಕಡೆಗೋ. ಇನ್ನೊಂದು, ತಿಂಗಳು ಮುಗಿದ ಮೇಲೆ ಆ ವಿದ್ಯೆ ಯಾರ ಹತ್ತಿರ ಉಳಿದಿರುತ್ತದೆ ಎನ್ನುವುದು. ಟ್ರೈನರ್ ಮುಂದೆ ಮಾತ್ರ ಕೂರುವ ನಾಯಿಯಿಂದ ಮನೆಯವರಿಗೆ ಏನೂ ಪ್ರಯೋಜನವಿಲ್ಲ.

ಈ ಎರಡನೆಯದರಲ್ಲೇ ಹೆಚ್ಚಿನ ಜನರ ದುಡ್ಡು ಹಾಳಾಗುವುದು. ಬೆಂಗಳೂರು, ಮೈಸೂರಿನಂಥ ಕಡೆ ಸಾಮಾನ್ಯವಾಗಿ ಸಿಗುವುದು ತಿಂಗಳ ಪ್ಯಾಕೇಜು. ಟ್ರೈನರ್ ಬೆಳಿಗ್ಗೆ ಬೈಕಿನಲ್ಲಿ ಬರುತ್ತಾರೆ, ನಾಯಿಯನ್ನು ಕೆಳಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ಸಿಟ್, ಸ್ಟೇ, ಹೀಲ್ (ಕಾಲ ಪಕ್ಕದಲ್ಲೇ ನಡೆಯುವುದು) ಮಾಡಿಸಿ ವಾಪಸ್ ಬಿಟ್ಟು ಮುಂದಿನ ಮನೆಗೆ ಹೋಗುತ್ತಾರೆ. ಮನೆಯವರು ಅಷ್ಟು ಹೊತ್ತೂ ಮೇಲೆ ಕಾಫಿ, ತಿಂಡಿ, ಮಕ್ಕಳ ಸ್ಕೂಲ್ ಬ್ಯಾಗು ಎಂದು ತಮ್ಮ ಗಡಿಬಿಡಿಯಲ್ಲಿರುತ್ತಾರೆ. ತಿಂಗಳಾದ ಮೇಲೆ ಅದೇ ನಾಯಿ ಬೆಲ್ ಹೊಡೆದ ಕೂಡಲೇ ಹಾರುತ್ತದೆ, ಅಜ್ಜಿಯ ಸೀರೆ ಎಳೆಯುತ್ತದೆ. ನಾಯಿಗಳು ಪಾಠವನ್ನು ಜಾಗ, ಹೊತ್ತು, ಮನುಷ್ಯ ಎಲ್ಲದರ ಜೊತೆ ಸೇರಿಸಿಯೇ ಕಲಿಯುತ್ತವೆ. ಬೇಸ್‌ಮೆಂಟಿನಲ್ಲಿ ಆ ಮನುಷ್ಯನ ಮುಂದೆ ಕಲಿತ ಸಿಟ್, ಹಾಲ್‌ನಲ್ಲಿ ನಿಮ್ಮ ಮುಂದೆ ತಾನಾಗಿ ಬರುವುದಿಲ್ಲ. ಅದನ್ನು ಹೊಸ ಜಾಗದಲ್ಲಿ ಹೊಸದಾಗಿಯೇ ಕಲಿಸಬೇಕು, ಎರಡನೆಯ ಸಲ ಬೇಗ ಬರುತ್ತದೆ ಅಷ್ಟೆ. ಒಳ್ಳೆಯ ಟ್ರೈನರ್‌ಗೆ ಇದು ಗೊತ್ತಿರುತ್ತದೆ. ಅವರು ದಿನಾ ಬರುವುದಿಲ್ಲ, ವಾರಕ್ಕೆ ಒಂದೆರಡು ಸಲ ಬಂದು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಇರುತ್ತಾರೆ. ಅದರಲ್ಲಿ ಹೆಚ್ಚು ಹೊತ್ತು ಲೀಶ್, ಅಂದರೆ ನಾಯಿಯನ್ನು ಹಿಡಿಯುವ ಹಗ್ಗ, ನಿಮ್ಮ ಕೈಯಲ್ಲಿರುತ್ತದೆ. ಹೋಗುವಾಗ ಹೋಮ್‌ವರ್ಕ್ ಕೊಡುತ್ತಾರೆ, ಮುಂದಿನ ಸಲ ಅದರ ವಿಡಿಯೊ ಕೇಳುತ್ತಾರೆ.

ಮನೆಯಲ್ಲಿ ಯಾವ ಮಾತು ಬಳಸುತ್ತೀರಿ ಎಂದು ಮೊದಲ ದಿನವೇ ಕೇಳುವ ಟ್ರೈನರ್ ಸಿಕ್ಕರೆ ಸಂತೋಷಪಡಿ. ಮಕ್ಕಳು ಸಿಟ್ ಅನ್ನುತ್ತಾರೆ, ಅಜ್ಜ ಕೂತ್ಕೋ ಅನ್ನುತ್ತಾರೆ, ಮನೆಗೆಲಸಕ್ಕೆ ಬರುವವರು ಬೈಠ್ ಅನ್ನುತ್ತಾರೆ. ನಾಯಿಗೆ ಇವು ಮೂರೂ ಬೇರೆ ಬೇರೆ ಸದ್ದು. ಎಲ್ಲರೂ ಒಪ್ಪುವ ಒಂದೊಂದು ಪದ ಆರಿಸಿ, ಬರೆದು ಫ್ರಿಜ್ಜಿನ ಮೇಲೆ ಅಂಟಿಸಬೇಕು. ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ.

ಬೋರ್ಡಿಂಗ್ ಟ್ರೈನಿಂಗ್

ನಾಯಿಯನ್ನು ಒಂದೆರಡು ತಿಂಗಳು ನಮ್ಮಲ್ಲಿ ಬಿಡಿ, ಪೂರ್ತಿ ಕಲಿಸಿ ಕಳಿಸುತ್ತೇವೆ ಎನ್ನುವವರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಬಹುತೇಕ ಸಾಕುನಾಯಿಗಳಿಗೆ ಇದು ಬೇಡ. ಮೇಲೆ ಹೇಳಿದ ಜಾಗದ ಸಮಸ್ಯೆ ಇಲ್ಲಿ ಇನ್ನೂ ಜಾಸ್ತಿ. ಅದಕ್ಕಿಂತ ದೊಡ್ಡ ಆತಂಕ, ಅಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಕಾಣಿಸುವುದೇ ಇಲ್ಲ. ವಾಟ್ಸ್ಯಾಪಿಗೆ ಬರುವುದು ಮೂವತ್ತು ಸೆಕೆಂಡಿನ ವಿಡಿಯೊ, ಅದೂ ಹಾಡು ಹಾಕಿ ಕತ್ತರಿಸಿದ್ದು. ತಿರುಗಿ ಬಂದ ನಾಯಿ ಮೂಲೆಯಲ್ಲಿ ತೆಪ್ಪಗೆ ಮಲಗಿದ್ದರೆ ಎಷ್ಟು ಶಾಂತವಾಗಿದೆ ನೋಡಿ ಎಂದು ಮನೆಯವರು ಖುಷಿಪಡುತ್ತಾರೆ. ಏನು ಮಾಡಿದರೂ ನೋವು ತಪ್ಪುವುದಿಲ್ಲ ಎಂದು ಖಚಿತವಾದ ಪ್ರಾಣಿ ಏನನ್ನೂ ಮಾಡದೆ ಸುಮ್ಮನಾಗಿಬಿಡುತ್ತದೆ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲೇ ಪ್ರಯೋಗಾಲಯದ ನಾಯಿಗಳಲ್ಲಿ ಇದನ್ನು ತೋರಿಸಿದರು. ಕಲಿತ ನಾಯಿಯನ್ನು ಗುರುತಿಸುವುದು ಸುಲಭ: ಹೆಸರು ಕರೆದರೆ ಮೈ ಸಡಿಲ ಬಿಟ್ಟು ಹತ್ತಿರ ಬರುತ್ತದೆ, ಮೊದಲಿನಂತೆ ಆಟವಾಡುತ್ತದೆ, ಮೊದಲಿನಂತೆ ತಿನ್ನುತ್ತದೆ.

ಅನಿವಾರ್ಯವಾಗಿ ಬಿಡಲೇಬೇಕಾದರೆ ಮೊದಲು ಆ ಜಾಗಕ್ಕೆ ಹೋಗಿ ನೋಡಿ. ಎಷ್ಟು ನಾಯಿ, ಎಷ್ಟು ಜನ, ರಾತ್ರಿ ಅಲ್ಲೇ ಮಲಗುವವರು ಯಾರು, ದಿನಕ್ಕೆ ಎಷ್ಟು ಗಂಟೆ ಕೆನಲ್‌ನಿಂದ ಹೊರಗೆ ಬಿಡುತ್ತಾರೆ, ತುರ್ತಿಗೆ ಯಾವ ವೈದ್ಯರು, ಎಲ್ಲ ಕೇಳಿ. ಶೀಟ್ ಹಾಕಿದ ಶೆಡ್ಡಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಒಳಗೆ ನಿಂತು ನೋಡಿ. ಪಗ್, ಶಿಟ್ಸೂಗಳಂಥ ಚಪ್ಪಟೆ ಮೂತಿಯ ನಾಯಿಗಳು ಆ ಸೆಕೆಯಲ್ಲಿ ಪ್ರಾಣ ಬಿಡಬಹುದು. ಹೇಳದೇ ಬಂದು ನೋಡಬಹುದೇ ಎಂದು ಕೇಳಿ. ನೀವು ಬಂದರೆ ನಾಯಿ ಡಿಸ್ಟರ್ಬ್ ಆಗುತ್ತದೆ, ಮೊದಲ ಹದಿನೈದು ದಿನ ಬರಬೇಡಿ ಎಂದರೆ ಅಲ್ಲಿಗೇ ಮಾತು ಮುಗಿಸಿ. ಬಿಡುವ ದಿನ ಮತ್ತು ಕರೆತಂದ ದಿನ ವೈದ್ಯರ ಬಳಿ ತೂಕ ನೋಡಿಸಿ, ಕಿವಿ, ಕುತ್ತಿಗೆ, ಬೆರಳ ಸಂದುಗಳಲ್ಲಿ ಉಣ್ಣೆ ಹುಳು ಇದೆಯೇ ಎಂದು ತಡಕಿ.

ಮಿಲಿಟರಿ ಅನುಭವ, ಆಲ್ಫಾ ಮತ್ತು ಚೈನು

ನಮ್ಮ ಕಡೆ ಟ್ರೈನರ್‌ಗಳು ಹೇಳಿಕೊಳ್ಳುವ ದೊಡ್ಡ ಅರ್ಹತೆ ಆರ್ಮಿ ಅಥವಾ ಪೊಲೀಸ್ ಡಾಗ್ ಸ್ಕ್ವಾಡಿನಲ್ಲಿ ಇದ್ದೆ ಎನ್ನುವುದು. ಬೆಂಗಳೂರಿನ ಹತ್ತಿರ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆಯಿದೆ, ಮೀರತ್‌ನಲ್ಲಿ ಸೇನೆಯ ಪಶುವೈದ್ಯ ದಳದ (ಆರ್‌ವಿಸಿ) ಕೇಂದ್ರವಿದೆ. ಮುಧೋಳದ ನಾಯಿಗಳೂ ಅಲ್ಲಿಗೆ ತರಬೇತಿಗೆ ಹೋಗಿವೆ. ಅಲ್ಲಿನ ಕೆಲಸ ಗೌರವದ್ದೇ. ಆದರೆ ಅಲ್ಲಿ ನಾಯಿಗಳನ್ನು ಆರಿಸಿ ತೆಗೆದುಕೊಳ್ಳುತ್ತಾರೆ, ಒಗ್ಗದ್ದನ್ನು ಬಿಡುತ್ತಾರೆ. ಒಬ್ಬ ಹ್ಯಾಂಡ್ಲರ್ ಇಡೀ ದಿನ ಒಂದೇ ನಾಯಿಯ ಜೊತೆ ಇರುತ್ತಾನೆ. ನಿಮ್ಮ ಮನೆಯ ಇಂಡೀ (ನಾಡತಳಿಯ ನಾಯಿ) ಕಲಿಯಬೇಕಾದ್ದು ಲಿಫ್ಟಿನಲ್ಲಿ ಹೆದರದೆ ನಿಲ್ಲುವುದು, ಸ್ವಿಗ್ಗಿಯವರನ್ನು ನೋಡಿ ಬೊಗಳದಿರುವುದು, ನಾಲ್ಕು ಗಂಟೆ ಒಂಟಿಯಾಗಿರುವುದು. ಆ ಅನುಭವ ಇದ್ದವರಲ್ಲಿ ಒಳ್ಳೆಯ ಪೆಟ್ ಟ್ರೈನರ್‌ಗಳಿದ್ದಾರೆ, ಆದರೆ ಅದೊಂದೇ ಸಾಕಾಗುವುದಿಲ್ಲ. ಸಾಕುನಾಯಿಗೆ ಅಟ್ಯಾಕ್ ಟ್ರೈನಿಂಗ್ ಕೊಡುತ್ತೇನೆ ಎನ್ನುವವರನ್ನಂತೂ ಗೇಟಿನ ಒಳಗೇ ಬಿಡಬೇಡಿ. ಮಕ್ಕಳು, ಕೊರಿಯರ್‌ನವರು ಓಡಾಡುವ ಮನೆಯಲ್ಲಿ ಕಚ್ಚಲು ಕಲಿತ ನಾಯಿ ಯಾರಿಗೂ ಕ್ಷೇಮವಲ್ಲ, ನಾಯಿಗೂ ಅಲ್ಲ.

ನೀವು ಆಲ್ಫಾ ಆಗಬೇಕು, ನಾಯಿ ನಿಮ್ಮ ತಲೆ ಮೇಲೆ ಕೂರಲು ನೋಡುತ್ತಿದೆ ಎನ್ನುವ ಮಾತೂ ಸಿಗುತ್ತದೆ. ಇದರ ಮೂಲ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳ ಅಧ್ಯಯನ. ಆ ಪದವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳ ವಿಜ್ಞಾನಿ ಡೇವಿಡ್ ಮೆಕ್ ಅವರೇ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಹೊಡೆದಾಟ ನಡೆಯುವುದಿಲ್ಲ ಎಂದು 1999ರಲ್ಲಿ ಬರೆದು ತಿದ್ದಿದರು. ಆದರೂ ನಾಯಿಯನ್ನು ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿಯುವವರು ಇಂದಿಗೂ ಇದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದಿದೆ. ನಡವಳಿಕೆಯ ತೊಂದರೆಗೆಂದು ಆಸ್ಪತ್ರೆಗೆ ಬಂದ ನಾಯಿಗಳ ಮಾಲೀಕರನ್ನು ಅವರು ವಿಚಾರಿಸಿದ್ದರು. ಹೊಡೆದು ಒದ್ದು ತಿದ್ದಲು ನೋಡಿದವರಲ್ಲಿ ಶೇಕಡಾ 43ರಷ್ಟು ಜನ, ನಾಯಿ ತಿರುಗಿ ಬಿದ್ದಿತು ಎಂದರು. ಹೀಗೆ ಕೆಡವಿ ಒತ್ತಿದವರಲ್ಲಿ ಅದೇ ಮಾತು ಹೇಳಿದವರು ಶೇಕಡಾ 31.

ಇನ್ನು ಚೋಕ್ ಚೈನು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅರ್ಥವಾದರೆ ಯಾಕೆ ಕೆಡಿಸುತ್ತದೆ ಎನ್ನುವುದೂ ಅರ್ಥವಾಗುತ್ತದೆ. ನಾಯಿ ಮುಂದೆ ನುಗ್ಗಿದಾಗ ಚೈನನ್ನು ಥಟ್ಟನೆ ಎಳೆದು ಬಿಡುತ್ತಾರೆ, ಉರುಳು ಕುತ್ತಿಗೆಗೆ ಬಿಗಿದು ಸಡಿಲಾಗುತ್ತದೆ. ಆ ಕ್ಷಣದಲ್ಲಿ ನಾಯಿ ನೋಡುತ್ತಿದ್ದುದು ಎದುರಿನ ಬೀದಿನಾಯಿಯನ್ನು ಅಥವಾ ಸೈಕಲ್ ಮೇಲಿನ ಮಗುವನ್ನು. ನಾನು ಎಳೆದಿದ್ದಕ್ಕೆ ನೋವಾಯಿತು ಎಂದು ಅದು ತಿಳಿಯಬೇಕು ಎನ್ನುವುದು ಟ್ರೈನರ್ ಲೆಕ್ಕ. ಆದರೆ ಆ ಮಗು ಕಂಡರೆ ನೋವಾಗುತ್ತದೆ ಎಂದೂ ನಾಯಿ ತಿಳಿಯಬಹುದು, ಅದನ್ನು ತಡೆಯುವ ದಾರಿ ಯಾವ ಟ್ರೈನರ್ ಬಳಿಯೂ ಇಲ್ಲ. ಮೊದಲು ಕುತೂಹಲಕ್ಕೆ ಎಳೆಯುತ್ತಿದ್ದ ನಾಯಿ ಆಮೇಲೆ ಗುರ್ ಎನ್ನುತ್ತದೆ. ಗುರ್ ಎಂದಿದ್ದಕ್ಕೂ ಏಟು ಬಿದ್ದರೆ ಆ ಎಚ್ಚರಿಕೆಯನ್ನೂ ಬಿಡುತ್ತದೆ, ಮುಂದೊಂದು ದಿನ ಸದ್ದೇ ಇಲ್ಲದೆ ಕಚ್ಚುತ್ತದೆ. ಕುತ್ತಿಗೆಗೆ ಬೀಳುವ ಒತ್ತಡ ಬೇರೆ: ಬೆಲ್ಟು ಹಾಕಿ ಎಳೆದಾಗ ಕಣ್ಣೊಳಗಿನ ಒತ್ತಡ ಏರುತ್ತದೆ, ಎದೆಗೆ ಸುತ್ತುವ ಪಟ್ಟಿಯಾದ ಹಾರ್ನೆಸ್ ಹಾಕಿದಾಗ ಹಾಗೆ ಏರುವುದಿಲ್ಲ ಎಂದು 2006ರ ಅಧ್ಯಯನ ತೋರಿಸಿದೆ. ಮುಳ್ಳಿನ ಪ್ರಾಂಗ್ ಕಾಲರ್‌ಗೂ ರಿಮೋಟಿನ ಶಾಕ್ ಕಾಲರ್‌ಗೂ ಇದೇ ಮಾತು. ವೇಲ್ಸ್ ದೇಶ ಶಾಕ್ ಕಾಲರನ್ನು 2010ರಲ್ಲೇ ನಿಷೇಧಿಸಿತು.

ತಿಂಡಿ ಕೊಟ್ಟು ಕಲಿಸುವುದು ಮುದ್ದಿನ ಮರಿಗಳಿಗೆ ಮಾತ್ರ, ಹಟಮಾರಿ ನಾಯಿಗೆ ಚೈನೇ ಬೇಕು ಎನ್ನುವವರಿಗೆ ಉತ್ತರ ಇದೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು ಕರೆದರೆ ಬಾರದಂಥ ತೊಂದರೆಗಳಿದ್ದ 63 ನಾಯಿಗಳನ್ನು ಮೂರು ಗುಂಪು ಮಾಡಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶಾಕ್ ಕಾಲರಿನ ಗುಂಪಿಗೆ ಯಾವ ಹೆಚ್ಚುಗಾರಿಕೆಯೂ ಕಾಣಲಿಲ್ಲ, ಬಹುಮಾನ ಕೊಟ್ಟು ಕಲಿಸಿದ ಗುಂಪು ಹಲವು ಅಳತೆಗಳಲ್ಲಿ ಮುಂದಿತ್ತು. ಅದೇ ವರ್ಷ ಪೋರ್ಚುಗಲ್ಲಿನ ಪೋರ್ಟೊದಲ್ಲಿ 92 ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಹೆದರಿಸಿ ನೋಯಿಸಿ ಕಲಿಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಾಗಿತ್ತು. ಅಮೆರಿಕದ ಪಶು ನಡವಳಿಕೆ ವೈದ್ಯರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ, ಕಚ್ಚುವ ನಾಯಿಗಳಿಗೂ ಸೇರಿ, ಬಹುಮಾನದ ವಿಧಾನವನ್ನೇ ಬಳಸಿ ಎಂದು ಹೇಳಿತು.

ಫೋನಿನಲ್ಲಿ ಕೇಳುವುದು, ಹೋಗಿ ನೋಡುವುದು

ಮೊದಲ ಫೋನಿನಲ್ಲೇ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಏನು ಕೊಡುತ್ತೀರಿ, ಮಾಡದಿದ್ದರೆ ಏನು ಮಾಡುತ್ತೀರಿ, ಹತ್ತು ಸಲ ಹೇಳಿದರೂ ಮಾಡದಿದ್ದರೆ? ಸ್ವಲ್ಪ ಗದರುತ್ತೇವೆ, ಲೈಟಾಗಿ ಕರೆಕ್ಷನ್ ಕೊಡುತ್ತೇವೆ, ನಾಯಿ ನೋಡಿದ ಮೇಲೆ ಹೇಳುತ್ತೇವೆ ಎಂಬ ಉತ್ತರಗಳನ್ನು ಅಲ್ಲಿಗೇ ಬಿಡಬೇಡಿ. ಕರೆಕ್ಷನ್ ಎಂದರೆ ಕೈಯಲ್ಲಿ ಏನು ಮಾಡುತ್ತೀರಿ ಎಂದು ಬಿಡಿಸಿ ಕೇಳಿ. ಪಾಠ ಕಷ್ಟವಾಯಿತು ಅಂತ ಅರ್ಥ, ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಸುಲಭ ಮಾಡುತ್ತೇನೆ ಎಂದು ಹೇಳುವವರು ಕೆಲಸ ಬಲ್ಲವರು. ಅವರೂ ನಿಮ್ಮನ್ನು ಕೇಳಬೇಕು: ನಾಯಿಯ ವಯಸ್ಸು, ಎಲ್ಲಿಂದ ತಂದಿರಿ, ಮೊದಲು ಕಚ್ಚಿದೆಯೇ, ಬೀದಿಯಲ್ಲಿ ಎಷ್ಟು ನಾಯಿಗಳಿವೆ, ವೈದ್ಯರಿಗೆ ತೋರಿಸಿದಿರಾ. ಇದ್ದಕ್ಕಿದ್ದಂತೆ ಸಿಡುಕತೊಡಗಿದ, ಮನೆಯೊಳಗೆ ಉಚ್ಚೆ ಮಾಡತೊಡಗಿದ ನಾಯಿಗೆ ಮೊದಲು ಬೇಕಾದ್ದು ತಪಾಸಣೆ. ಕಿವಿಯ ಸೋಂಕು, ಮೂತ್ರದ ಸೋಂಕು, ಸೊಂಟದ ಕೀಲುನೋವು, ಥೈರಾಯ್ಡ್, ಉಣ್ಣೆ ಜ್ವರ ಇವುಗಳಲ್ಲಿ ಯಾವುದು ಬೇಕಾದರೂ ಕಾರಣವಿರಬಹುದು. ಇದನ್ನು ಕೇಳದೆ ನೂರಕ್ಕೆ ನೂರು ಗ್ಯಾರಂಟಿ, ಇಪ್ಪತ್ತೊಂದು ದಿನದಲ್ಲಿ ಸರಿಮಾಡುತ್ತೇನೆ ಎನ್ನುವವರು ನಾಯಿಯನ್ನು ನೋಡುವ ಮೊದಲೇ ಸುಳ್ಳು ಹೇಳಿದ್ದಾರೆ.

ದುಡ್ಡು ಕೊಡುವ ಮೊದಲು ನಿಮ್ಮ ನಾಯಿಯನ್ನು ಬಿಟ್ಟು ನೀವೊಬ್ಬರೇ ಹೋಗಿ, ಅವರು ಬೇರೆ ನಾಯಿಗೆ ಕಲಿಸುವುದನ್ನು ಪೂರ್ತಿ ನೋಡಿ. ಲೀಶ್ ಎಳೆಯದೆ ನಡೆಯುವುದನ್ನು ಒಳ್ಳೆಯ ಟ್ರೈನರ್ ಕಲಿಸುವುದು ಸುಮಾರು ಹೀಗೆ. ನಾಯಿಗೆ ಎದೆಯ ಮುಂದೆ ರಿಂಗ್ ಇರುವ ಹಾರ್ನೆಸ್, ಆರಡಿಯ ಲೀಶ್, ಸೊಂಟದಲ್ಲಿ ತಿಂಡಿಯ ಪೌಚು. ಪೌಚಿನಲ್ಲಿ ಉಪ್ಪು ಹಾಕದೆ ಬೇಯಿಸಿದ ಕೋಳಿ ಎದೆಮಾಂಸ ಅಥವಾ ಪನೀರು, ಒಂದೊಂದು ತುಂಡೂ ಹಸಿ ಬಟಾಣಿ ಕಾಳಿಗಿಂತ ಚಿಕ್ಕದು. ಶುರುವಾಗುವುದು ಮನೆಯ ಹಾಲ್‌ನಲ್ಲಿ. ಎರಡು ಹೆಜ್ಜೆ ನಡೆದರು, ನಾಯಿ ಪಕ್ಕದಲ್ಲೇ ಇದೆ, ಯೆಸ್ ಎಂದರು, ಒಂದು ಸೆಕೆಂಡಿನೊಳಗೆ ಪ್ಯಾಂಟಿನ ಪಕ್ಕದ ಹೊಲಿಗೆಯ ಹತ್ತಿರ ತಿಂಡಿ ಬಾಯಿಗೆ ಬಂತು. ಕೊಡುವ ಜಾಗವೂ ಪಾಠವೇ: ಮುಂದಕ್ಕೆ ಕೈ ಚಾಚಿ ಕೊಟ್ಟರೆ ನಾಯಿ ಮುಂದಕ್ಕೇ ಬರುತ್ತದೆ. ಹೊಸ ಪಾಠದಲ್ಲಿ ನಿಮಿಷಕ್ಕೆ ಹತ್ತು ಸಲವಾದರೂ ತಿಂಡಿ ಸಿಗಬೇಕು. ಲೀಶ್ ಬಿಗಿಯಾಯಿತೇ, ಅವರು ನಿಂತುಬಿಡುತ್ತಾರೆ, ಎಳೆಯುವುದೂ ಇಲ್ಲ, ಬೈಯುವುದೂ ಇಲ್ಲ. ನಾಯಿ ತಿರುಗಿ ನೋಡಿ ಲೀಶ್ ಸಡಿಲಾದ ಕೂಡಲೇ ಮತ್ತೆ ಯೆಸ್, ಮತ್ತೆ ಕಾಲ ಪಕ್ಕದಲ್ಲಿ ತಿಂಡಿ. ಐದು ಸಲದಲ್ಲಿ ನಾಲ್ಕು ಸಲ ಸರಿಯಾದರೆ ಹಾಲ್‌ನಿಂದ ಕಾರಿಡಾರಿಗೆ, ಅಲ್ಲಿಂದ ಪಾರ್ಕಿಂಗಿಗೆ, ಗೇಟಿಗೆ, ಕೊನೆಗೆ ರಸ್ತೆಗೆ. ಐದರಲ್ಲಿ ಎರಡೇ ಸರಿಯಾದರೆ ಹಿಂದಿನ ಜಾಗಕ್ಕೆ ವಾಪಸ್. ಒಂದೊಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ದಿನದ ಒಟ್ಟು ಊಟದಲ್ಲಿ ತಿಂಡಿಯ ಪಾಲು ಹತ್ತನೇ ಒಂದು ಭಾಗ ಮೀರಬಾರದು, ಅಷ್ಟನ್ನು ಬಟ್ಟಲಿನಿಂದ ಕಡಿಮೆ ಮಾಡಬೇಕು. ಪೌಚಿನಲ್ಲಿ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಬಿದ್ದ ಪದಾರ್ಥ ಕಂಡರೆ ಅವರಿಗೆ ನಾಯಿಯ ಆಹಾರದ ಗಂಧವೇ ಇಲ್ಲ ಎಂದು ತಿಳಿಯಿರಿ.

ಇಷ್ಟು ಹೊತ್ತೂ ನಿಮ್ಮ ಕಣ್ಣು ನಾಯಿಯ ಮೇಲಿರಲಿ. ಹಸಿವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದೆ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಬಾಲ ಹೊಟ್ಟೆಯಡಿ ಸಿಕ್ಕಿಸುವುದು, ಕಿವಿ ಹಿಂದಕ್ಕೆ ಒತ್ತುವುದು, ತಿಂಡಿ ಕೊಟ್ಟರೂ ತಿನ್ನದಿರುವುದು, ಇವೆಲ್ಲ ಹೆದರಿಕೆಯ ಗುರುತುಗಳು. ಒಂದೆರಡು ಸಲ ಯಾವ ನಾಯಿಯಲ್ಲೂ ಕಾಣುತ್ತವೆ. ಕಂಡಾಗ ಟ್ರೈನರ್ ದೂರ ಸರಿದು ನಾಯಿಗೆ ಬಿಡುವು ಕೊಟ್ಟರೆ ಸರಿ. ಅವರಿಗೆ ಅದು ಕಾಣಿಸಲೇ ಇಲ್ಲ ಎಂದಾದರೆ ಬೇರೆಯವರನ್ನು ಹುಡುಕಿ.

ಸರ್ಟಿಫಿಕೇಟುಗಳಲ್ಲಿ ಎರಡು ದಿನದ ವರ್ಕ್‌ಶಾಪಿನವೂ ಇರುತ್ತವೆ. ಸಿಪಿಡಿಟಿ-ಕೆಎ ಎಂಬ ಟ್ರೈನರ್ ಸರ್ಟಿಫಿಕೇಟು ಸಿಗಬೇಕಾದರೆ ಕನಿಷ್ಠ 300 ಗಂಟೆಗಳ ತರಬೇತಿಯ ಅನುಭವ ತೋರಿಸಿ ಪರೀಕ್ಷೆ ಪಾಸಾಗಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಟ್ರೈನರ್‌ಗಳಿಗೆ ಕಲಿಸುವ ಕ್ಯಾರೆನ್ ಪ್ರಯರ್ ಅಕಾಡೆಮಿಯ ಸರ್ಟಿಫಿಕೇಟಿಗೂ ಬೆಲೆಯಿದೆ. ಇವೆರಡರ ವೆಬ್‌ಸೈಟಿನಲ್ಲೂ ಟ್ರೈನರ್ ಹೆಸರು ಹುಡುಕಿ ತಾಳೆ ನೋಡಬಹುದು. ಸರ್ಟಿಫಿಕೇಟಿಲ್ಲದೆ ಚೆನ್ನಾಗಿ ಕಲಿಸುವವರೂ ನಮ್ಮಲ್ಲಿದ್ದಾರೆ, ಅವರ ಪಾಠ ನೋಡಿಯೇ ತೀರ್ಮಾನಿಸಿ.

ಮರಿ ತಂದವರು ಎಲ್ಲ ಲಸಿಕೆ ಮುಗಿಯಲಿ, ಆರು ತಿಂಗಳಾಗಲಿ ಎಂದು ಕಾಯುವುದು ಬೇಡ. ಮೂರರಿಂದ ಹನ್ನೆರಡು-ಹದಿನಾಲ್ಕು ವಾರದೊಳಗೆ ಕಂಡ ಜನ, ಸದ್ದು, ನೆಲ, ವಾಹನಗಳನ್ನೇ ಮರಿ ಮುಂದೆ ಸಹಜ ಎಂದುಕೊಳ್ಳುತ್ತದೆ. ಮೊದಲ ಲಸಿಕೆ ಮತ್ತು ಜಂತುಹುಳದ ಔಷಧಿಯಾಗಿ ಕನಿಷ್ಠ ಏಳು ದಿನ ಕಳೆದ ಮೇಲೆ ಪಪ್ಪಿ ಕ್ಲಾಸಿಗೆ ಸೇರಿಸಬಹುದು. ಆದರೆ ಮರಿಗಳ ಪ್ರಾಣ ತೆಗೆಯುವ ಪಾರ್ವೊ ವೈರಸ್ ಇರುವ ಊರು ನಮ್ಮದು. ಕ್ಲಾಸು ನಡೆಸುವವರು ಪ್ರತಿ ಮರಿಯ ಲಸಿಕೆ ಪುಸ್ತಕ ನೋಡಬೇಕು, ತೊಳೆದ ನೆಲದ ಮೇಲೆ ಪಾಠ ಮಾಡಬೇಕು. ರಸ್ತೆಯಲ್ಲಿ ಮರಿಯನ್ನು ಎತ್ತಿಕೊಂಡೇ ತೋರಿಸಿ. ದೀಪಾವಳಿಯ ಪಟಾಕಿಗೂ ಎರಡು ಮೂರು ತಿಂಗಳ ಮುಂಚೆಯೇ, ಕಡಿಮೆ ವಾಲ್ಯೂಮಿನ ರೆಕಾರ್ಡಿಂಗ್ ಜೊತೆ ತಿಂಡಿ ಕೊಟ್ಟು ಅಭ್ಯಾಸ ಶುರುವಾಗಬೇಕು.

ಒಪ್ಪಂದ ವಾಟ್ಸ್ಯಾಪಿನಲ್ಲಾದರೂ ಬರಹದಲ್ಲಿರಲಿ. ಡೆಮೊ ಕೊಡುವವರು ಒಬ್ಬರು, ದಿನಾ ಬರುವ ಹುಡುಗ ಇನ್ನೊಬ್ಬ ಎನ್ನುವುದು ಬಹಳ ನಡೆಯುತ್ತದೆ. ಬರುವವರ ಹೆಸರು, ಎಷ್ಟು ಸೆಷನ್, ಒಂದಕ್ಕೆ ಎಷ್ಟು ನಿಮಿಷ, ಚೋಕ್, ಪ್ರಾಂಗ್, ಶಾಕ್ ಬಳಸುವುದಿಲ್ಲ ಎಂಬ ಸಾಲು, ಮಧ್ಯೆ ನಿಲ್ಲಿಸಿದರೆ ಉಳಿದ ಹಣದ ಗತಿ, ಇಷ್ಟು ಬರೆಸಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ.

ಈಗಾಗಲೇ ಕೆಟ್ಟ ಕೈಗೆ ಸಿಕ್ಕಿದ್ದರೆ ಅರ್ಧ ತಿಂಗಳ ದುಡ್ಡು ಹೋಗುತ್ತದೆಂದು ಮುಂದುವರಿಸಬೇಡಿ, ಅಂದೇ ನಿಲ್ಲಿಸಿ. ಕುತ್ತಿಗೆಯನ್ನು ವೈದ್ಯರಿಗೆ ತೋರಿಸಿ, ಹಾರ್ನೆಸಿಗೆ ಬದಲಿಸಿ, ಎರಡು ಮೂರು ವಾರ ಸಿಟ್ ಸ್ಟೇ ಏನೂ ಇಲ್ಲದೆ ನಿಧಾನವಾಗಿ ಮೂಸಿಕೊಂಡು ಓಡಾಡಲು ಬಿಡಿ. ಆ ಟ್ರೈನರ್ ಬಳಸುತ್ತಿದ್ದ ಪದಗಳನ್ನು ನಾಯಿ ಕೇಳಿದೊಡನೆ ಮುದುಡುತ್ತಿದ್ದರೆ ಅವುಗಳನ್ನು ಬಿಟ್ಟು ಹೊಸ ಪದಗಳಿಂದ ಶುರುಮಾಡಿ. ಹೊಡೆದ ವಿಡಿಯೊ, ವೈದ್ಯರ ವರದಿ, ಹಣ ಕಳಿಸಿದ ದಾಖಲೆ ಇದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅಡಿ ದೂರು ಕೊಡಬಹುದು. ಮೊದಲ ಅಪರಾಧಕ್ಕೆ ಅಲ್ಲಿರುವ ದಂಡ ಇಂದಿಗೂ 10ರಿಂದ 50 ರೂಪಾಯಿ, ಇದು ನಾಚಿಕೆಗೇಡು. ಅಂಗ ಊನವಾದರೆ ಅಥವಾ ನಾಯಿ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಅದರಲ್ಲಿ ಐದು ವರ್ಷದವರೆಗೆ ಶಿಕ್ಷೆ. ಕೊಟ್ಟ ಹಣ ಮತ್ತು ಚಿಕಿತ್ಸೆಯ ಖರ್ಚು ಕೇಳಲು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅದಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.